ಏಳನೆಯ ಬೀದಿಯ ಪಡಖಾನೆ

ಮೇಷ್ಟ್ರು ಪಡಖಾನೆಯ ಕುರಿತು ಬರೆಯಲಾರಂಭಿಸಿದರೆ ಎಂದು ನನ್ನ ಹಳೆಯ ವಿದ್ಯಾರ್ಥಿಗಳು ಹುಬ್ಬೇರಿಸಬಹುದು. ಹೆಂಡದಂಗಡಿಯ ಮುಂದೆ ಹಾಯಬೇಕಾಗಿ ಬಂದರೆ ಬೀದಿಯ ಆಚೆ ಬದಿಗೆ ದಾಟುತ್ತಿದ್ದವನು ನಾನು. ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದಾಗ ನ್ಯೂಯಾರ್ಕಿನ ಅಂಥದೊಂದು ಅಂಗಡಿಯನ್ನು ಹೊಕ್ಕದ್ದು ಕೇವಲ ಒಂದು ಇಸವಿಯ ಆಸೆಯಿಂದ.

ಪೂರ್ವ ಏಳನೆಯ ಬೀದಿಯ 15ನೆಯ ಸಂಖ್ಯೆಯ ಕಟ್ಟಡ. ಹೆಸರು ಮ್ಯಾಕ್‌ಸೋರ್ಲೀಸ್ ಓಲ್ಡ್ ಏಲ್ ಹೌಸ್. ಸ್ಥಾಪನೆ 1854 ಎಂದು ಫಲಕ ಸಾರುತ್ತದೆ. ಐರ್ಲೆಂಡಿನಿಂದ 1851ರಲ್ಲಿ ವಲಸೆ ಬಂದ ಜಾನ್ ಮ್ಯಾಕ್‌ಸೋರ್ಲಿ ಇದರ ಮೂಲಪುರುಷ. ನೆಲದ ಮೇಲೆ ಮರದ ಹೊಟ್ಟು, ನಡುವೆ ಇದ್ದಿಲೊಲೆ, ಗೋಡೆ ಕಾಣದಷ್ಟು ಹಳೆಯ ಪಟಗಳು. ದೊರೆಯುವುದು ಏಲ್ ಎಂಬ ಬಗೆಯ ಬಿಯರು ಮಾತ್ರ. ತಿಳಿ ಬಣ್ಣದ್ದು ಅಥವಾ ಕಪ್ಪು. ಜಾನ್ ಸ್ಲೋನ್ ಎಂಬ ಕಲಾವಿದ 1912ರಲ್ಲಿ ಇದನ್ನು ಚಿತ್ರಿಸಿದ. ಜೋಸೆಫ್ ಮಿಚೆಲ್ 1940ರಲ್ಲಿ ಪತ್ರಿಕೆಯಲ್ಲಿ ಬರೆದು ನಾಡಿಗೆಲ್ಲ ಪರಿಚಯಿಸಿದ.

ಫಲಕವನ್ನು ನಂಬಬಹುದೆ? ತರಗತಿಯಲ್ಲಿ ನಾನು ಇಸವಿಗಳನ್ನು ಬಾಯಿಪಾಠ ಮಾಡಿಸುತ್ತಿದ್ದಾಗ, "ಅದಕ್ಕೆ ಆಧಾರವೇನು ಸಾರ್?" ಎಂದೊಬ್ಬ ಹುಡುಗ ಕೇಳಿದ್ದ. ಅವನನ್ನು ಗದರಿ ಕೂರಿಸಿದ್ದೆ. ನ್ಯೂಯಾರ್ಕಿನಲ್ಲಿ ಅದೇ ಪ್ರಶ್ನೆಯನ್ನು ಕೇಳಿದ ಸಂಶೋಧಕರಿದ್ದರು. ಅವರು ತೆರಿಗೆಯ ಕಡತಗಳನ್ನು ತೆರೆದರು. ನೆರೆಯ ಖಾಲಿ ನಿವೇಶನಗಳಷ್ಟೇ ಬೆಲೆಯಿದ್ದ ಈ ಜಾಗದ ಮೌಲ್ಯ ಏರಿದ್ದು 1861ರಲ್ಲಿ; ಆಗಲೂ ಕಟ್ಟಡ ಮುಗಿದಿತ್ತೆಂಬ ನಮೂದಿಲ್ಲ. 1862ರಲ್ಲಿ ಆರಂಭವಾಯಿತೆಂದು ಒಬ್ಬರು ವಾದಿಸಿದರು. ಅಂಗಡಿಯವರ ಪಕ್ಷದಲ್ಲಿಯೂ ದಾಖಲೆಯುಂಟು: ಸ್ಥಾಪನೆ 1854 ಎಂದು ಜಾನ್ ಮುದುಕನೇ ಬರೆದ 1904ರ ಕಾಗದ. ಐವತ್ತು ವರ್ಷಗಳ ಬಳಿಕ ಬರೆದ ನೆನಪಿಗಿಂತ ಅಂದಂದೇ ಬರೆದ ತೆರಿಗೆ ಲೆಕ್ಕಕ್ಕೆ ನಾನು ಹೆಚ್ಚು ಅಂಕ ಕೊಡುತ್ತೇನೆ. 1860ರ ಫೆಬ್ರವರಿಯಲ್ಲಿ ಸಮೀಪದ ಕೂಪರ್ ಯೂನಿಯನ್‌ನಲ್ಲಿ ಭಾಷಣ ಮಾಡಿದ ಲಿಂಕನ್ನರು ಇಲ್ಲಿಗೂ ಬಂದಿದ್ದರಂತೆ. ಕಟ್ಟಡವೇ ಎದ್ದಿರದಿದ್ದರೆ ಆ ಕಥೆಗೂ ನೆಲೆಯಿಲ್ಲ.

ನನ್ನ ಮನೆಯಾಕೆಗೆ ಇಸವಿಯ ಜಗಳ ರುಚಿಸಲಿಲ್ಲ. ಆಕೆ ಕೇಳಿದ್ದು ಬೇರೆ: "ಇಲ್ಲಿ ಹೆಂಗಸರನ್ನು ಬಿಡುತ್ತಿದ್ದರೇನ್ರೀ?"

ಬಿಡುತ್ತಿರಲಿಲ್ಲ. ಜಾನ್ ಹಾಕಿದ ಕಟ್ಟಳೆ ಅವನು 1910ರಲ್ಲಿ ತೀರಿಕೊಂಡ ಮೇಲೂ ಉಳಿಯಿತು. ಅವನ ಮಗ ಬಿಲ್ 1936ರಲ್ಲಿ ಅಂಗಡಿಯನ್ನು ಡೇನಿಯಲ್ ಓಕಾನೆಲ್ ಎಂಬ ನಿವೃತ್ತ ಪೋಲೀಸನಿಗೆ ಮಾರಿದ. ಮೂರು ವರ್ಷಗಳಲ್ಲಿ ಅವನೂ ಗತಿಸಲು, ಒಡೆತನ ಮಗಳು ಡೊರೊಥಿಗೆ ಬಂತು. ವ್ಯಾಪಾರದ ವೇಳೆಯಲ್ಲಿ ಒಳಗೆ ಕಾಲಿಡುವುದಿಲ್ಲವೆಂದು ತಂದೆಗೆ ಮಾತು ಕೊಟ್ಟಿದ್ದ ಆಕೆ, ಗಂಡನಿಗೆ ಉಸ್ತುವಾರಿ ವಹಿಸಿ, ಬಾಗಿಲು ಹಾಕಿದ ಬಳಿಕವಷ್ಟೇ ಬರುತ್ತಿದ್ದಳಂತೆ.

1969ರಲ್ಲಿ ಫೇತ್ ಸೈಡನ್‌ಬರ್ಗ್ ಮತ್ತು ಕ್ಯಾರೆನ್ ಡಿಕ್ರೋ ಎಂಬಿಬ್ಬರು ಮಹಿಳೆಯರು ಬಂದು ಕುಳಿತರು, ಕುಡಿಯಲು ಕೊಡಲಿಲ್ಲ, ಮೊಕದ್ದಮೆ ಹೂಡಿದರು. ಖಾಸಗಿ ಅಂಗಡಿಯಾದರೂ ಸರಕಾರದ ಪರವಾನಗಿಯಿಂದ ನಡೆಯುವ ಕಾರಣ, ಸಂವಿಧಾನದ ಸಮಾನತೆಯ ವಿಧಿ ಇದಕ್ಕೂ ಅನ್ವಯಿಸುತ್ತದೆಂದು 1970ರಲ್ಲಿ ಫೆಡರಲ್ ನ್ಯಾಯಾಲಯ ತೀರ್ಪಿತ್ತಿತು. ಅದೇ ವರ್ಷ ಆಗಸ್ಟ್ 10ರಂದು ಮೇಯರ್ ಲಿಂಡ್ಸೆ ನಗರದ ಕಾಯಿದೆಗೂ ಸಹಿ ಹಾಕಿದರು. ಮೊದಲ ಮಹಿಳಾ ಗಿರಾಕಿ ನೀನೇ ಆಗಮ್ಮ ಎಂದು ಮಗ ಕೇಳಿಕೊಂಡರೂ ಡೊರೊಥಿ ಒಪ್ಪಲಿಲ್ಲವೆಂದು ಅಂಗಡಿಯವರ ಹೇಳಿಕೆ. ತಂದೆಗೆ ಕೊಟ್ಟ ಮಾತಂತೆ! ನಾನು ಮೆಚ್ಚುಗೆಯಿಂದ ತಲೆದೂಗಿದೆ. ಮನೆಯಾಕೆ ತಲೆದೂಗಲಿಲ್ಲ. "ಆಣೆ ಇಡಿಸಿಕೊಂಡವನು ಸತ್ತು ಮೂವತ್ತು ವರ್ಷ" ಎಂದಷ್ಟೇ ಅಂದಳು. ಆ ಮಾತಿಗೆ ಈಗಲೂ ನನ್ನಲ್ಲಿ ಉತ್ತರವಿಲ್ಲ.

ಹೆಂಗಸರಿಗೆಂದು ಪ್ರತ್ಯೇಕ ಶೌಚಗೃಹವಾದದ್ದು 1986ರಲ್ಲಿ, ತೀರ್ಪು ಬಂದು ಹದಿನಾರು ವರ್ಷಗಳ ಮೇಲೆ. ಇದನ್ನು ಕೇಳಿ ಆಕೆ ಅಲ್ಲಿಯೇ ಜೋರಾಗಿ ನಕ್ಕುಬಿಟ್ಟಳು. ಪಕ್ಕದ ಮೇಜಿನವರು ನಮ್ಮತ್ತ ತಿರುಗಿ ಮಗ್ಗು ಎತ್ತಿದರು.