ಅಮೆರಿಕದ ಸಂವಿಧಾನ ಮತ್ತು ಇಬ್ಬರು ಕಥೋಲಿಕರು

ಆಗಸ್ಟ್ 15 ಬಂತೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ಎರಡೆರಡು ಹಬ್ಬ. ಒಂದು ಕಡೆ ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಬಲಿಪೂಜೆ, ಇನ್ನೊಂದು ಕಡೆ ಧ್ವಜಾರೋಹಣ, ಮಕ್ಕಳಿಗೆ ಸಿಹಿ ಹಂಚಿಕೆ. ಇದೇ ದಿನಾಂಕ ಅಮೆರಿಕದ ಕಥೋಲಿಕರ ಚರಿತ್ರೆಯಲ್ಲೂ ಒಂದರ ಹಿಂದೆ ಒಂದು ವರ್ಷ ಬಂದುಹೋಗಿರುವುದು ನಮ್ಮಲ್ಲಿ ಹಲವರಿಗೆ ತಿಳಿದಿರಲಾರದು. 1789ರ ಆಗಸ್ಟ್ 15ರಂದು ನ್ಯೂಯಾರ್ಕಿನಲ್ಲಿ ಸೇರಿದ್ದ ಮೊದಲ ಕಾಂಗ್ರೆಸ್ಸಿನಲ್ಲಿ ಡೇನಿಯಲ್ ಕ್ಯಾರಲ್ ಎಂಬುವರು ಎದ್ದು ನಿಂತು ಮನಸ್ಸಾಕ್ಷಿಯ ಹಕ್ಕಿನ ಪರವಾಗಿ ಮಾತನಾಡಿದರು. ಸರಿಯಾಗಿ ಒಂದು ವರ್ಷಕ್ಕೆ, 1790ರ ಆಗಸ್ಟ್ 15ರಂದು, ಅವರ ತಮ್ಮ ಜಾನ್ ಕ್ಯಾರಲ್ ಅಮೆರಿಕದ ಮೊಟ್ಟಮೊದಲ ಧರ್ಮಾಧ್ಯಕ್ಷರಾಗಿ ಅಭಿಷಿಕ್ತರಾದರು. ಈ ಅಣ್ಣತಮ್ಮಂದಿರ ಕಥೆ ನಮಗೆ ಅರ್ಥವಾಗಬೇಕಾದರೆ 1787ರ ಫಿಲಡೆಲ್ಫಿಯಾಕ್ಕೆ ಹೋಗಬೇಕು.

ಬ್ರಿಟಿಷರನ್ನು ಸೋಲಿಸಿದ ಹದಿಮೂರು ರಾಜ್ಯಗಳು ಆಗ ಹೆಸರಿಗಷ್ಟೇ ಒಂದಾಗಿದ್ದವು. 1781ರಲ್ಲಿ ಜಾರಿಗೆ ಬಂದ ಒಕ್ಕೂಟದ ಒಪ್ಪಂದದಲ್ಲಿ ಕೇಂದ್ರಕ್ಕೆ ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ. ರಾಜ್ಯಗಳ ಮುಂದೆ ಕೈಚಾಚಿ ಬೇಡಬೇಕು. ಕೊಟ್ಟರೆ ಉಂಟು, ಕೊಡದಿದ್ದರೆ ಇಲ್ಲ. ಒಪ್ಪಂದವನ್ನು ತಿದ್ದಬೇಕಾದರೆ ಹದಿಮೂರೂ ರಾಜ್ಯಗಳು ಒಪ್ಪಬೇಕಿತ್ತು. ಆಮದು ಸುಂಕ ವಿಧಿಸುವ ಪ್ರಸ್ತಾಪಕ್ಕೆ ಪುಟ್ಟ ರೋಡ್ ಐಲೆಂಡ್ ಒಲ್ಲೆ ಎಂದದ್ದರಿಂದ ಅದು ಅಲ್ಲಿಗೇ ಬಿದ್ದುಹೋಯಿತು. ಅಷ್ಟರಲ್ಲಿ, 1786ರಲ್ಲಿ, ಮ್ಯಾಸಚೂಸೆಟ್ಸ್‌ನ ಸಾಲಗಾರ ರೈತರು ಡೇನಿಯಲ್ ಶೇಸ್ ಎಂಬ ಮಾಜಿ ಸೈನಿಕನ ಜೊತೆ ದಂಗೆ ಎದ್ದು ನ್ಯಾಯಾಲಯಗಳನ್ನೇ ಮುಚ್ಚಿಸಿದರು. ಮನೆಗೆ ಮಾಡು ಸರಿಯಿಲ್ಲ ಎಂಬುದು ಆಗ ಎಲ್ಲರಿಗೂ ಗೊತ್ತಾಯಿತು.

ಹೀಗೆ 1787ರ ಮೇ 25ರಂದು ಫಿಲಡೆಲ್ಫಿಯಾದ ಸರ್ಕಾರಿ ಭವನದಲ್ಲಿ ಸಭೆ ಶುರುವಾಯಿತು. ಮೇ 14ಕ್ಕೇ ಸೇರಬೇಕಿತ್ತು. ಕೋರಂ ಆಗುವಷ್ಟು ಜನ ಬರಲು ಹನ್ನೊಂದು ದಿನ ಹಿಡಿಯಿತು. ಕೊನೆಗೆ ಹನ್ನೆರಡು ರಾಜ್ಯಗಳಿಂದ 55 ಮಂದಿ ಬಂದುಹೋದರು. ರೋಡ್ ಐಲೆಂಡ್ ಮಾತ್ರ ಯಾರನ್ನೂ ಕಳಿಸಲಿಲ್ಲ. ಜಾರ್ಜ್ ವಾಷಿಂಗ್ಟನ್ ಅಧ್ಯಕ್ಷರು. ಸಭೆ ಶುರುವಾದ ಮೂರನೆಯ ದಿನ ಭಾನುವಾರ. ಅಂದು ತಾವು ಊರಿನ ಕಥೋಲಿಕ ಚರ್ಚಿಗೆ ಹೋಗಿ ಹಾಡುಪೂಜೆಯಲ್ಲಿ ಕುಳಿತಿದ್ದುದನ್ನು ವಾಷಿಂಗ್ಟನ್ ತಮ್ಮ ದಿನಚರಿಯಲ್ಲಿ ಒಂದು ಸಾಲಿನಲ್ಲಿ ಬರೆದಿಟ್ಟಿದ್ದಾರೆ. ಅವರು ಕಥೋಲಿಕರಲ್ಲ. ಆದರೂ ಹೋದರು. ಕಥೋಲಿಕರೆಂದರೆ ಮೂಗು ಮುರಿಯುತ್ತಿದ್ದ ಆ ದೇಶದಲ್ಲಿ ಅದು ಸಣ್ಣ ಮಾತಲ್ಲ ಎಂದೇ ನಮಗನ್ನಿಸುತ್ತದೆ.

ಅಲ್ಲಿ ಕಥೋಲಿಕರ ಪಾಡು ಹೇಗಿತ್ತೆಂದು ಸ್ವಲ್ಪ ಹೇಳಬೇಕು. ಮೇರಿಲ್ಯಾಂಡ್ ನೆಲೆಯೂರಿದ್ದು 1634ರಲ್ಲಿ. ಕಥೋಲಿಕರಿಗೂ ಆಸರೆಯಾಗಲಿ ಎಂದು ಬಾಲ್ಟಿಮೋರ್ ಪ್ರಭುಗಳ ಮನೆತನ ಕಟ್ಟಿದ ನಾಡು ಅದು. ಆದರೆ ಕಾಲಕ್ರಮೇಣ ಅಲ್ಲೇ ಅವರ ಬಾಯಿ ಕಟ್ಟಲಾಯಿತು. ಬಲಿಪೂಜೆ ಏನಿದ್ದರೂ ಖಾಸಗಿ ಮನೆಗಳ ಒಳಗೆ. 1718ರಲ್ಲಿ ಮತದಾನದ ಹಕ್ಕೂ ಹೋಯಿತು. ಉಳ್ಳವರು ಮಕ್ಕಳನ್ನು ಸಮುದ್ರ ದಾಟಿಸಿ ಸೇಂಟ್ ಓಮರ್‌ನ ಯೇಸುಸಭೆಯ ಶಾಲೆಗೆ ಕಳಿಸುತ್ತಿದ್ದರು. ಕ್ಯಾರಲ್ ಸಹೋದರರು ಓದಿದ್ದು ಅಲ್ಲೇ. ಸ್ವಾತಂತ್ರ್ಯದ ನಂತರ ಮೇರಿಲ್ಯಾಂಡಿನಲ್ಲಿ ಬಿಗಿ ಸಡಿಲವಾಯಿತಾದರೂ ನ್ಯೂಜೆರ್ಸಿ, ನಾರ್ತ್ ಕ್ಯಾರೊಲಿನಾ ಮೊದಲಾದ ಕಡೆ ಸರ್ಕಾರಿ ಹುದ್ದೆಗಳು ಪ್ರೊಟೆಸ್ಟಂಟರಿಗೆ ಮಾತ್ರ ಎಂದು ಕಾನೂನೇ ಹೇಳುತ್ತಿತ್ತು. 1785ರಲ್ಲಿ ಜಾನ್ ಕ್ಯಾರಲ್ ರೋಮಿಗೆ ಕಳಿಸಿದ ವರದಿಯ ಪ್ರಕಾರ ಮೇರಿಲ್ಯಾಂಡಿನಲ್ಲಿ ಸುಮಾರು 15,800 ಕಥೋಲಿಕರು, ಪೆನ್ಸಿಲ್ವೇನಿಯಾದಲ್ಲಿ 7,000. ಎರಡೂ ಕಡೆ ಸೇರಿ ಗುರುಗಳು 24 ಜನ.

ಆ 55 ಮಂದಿಯಲ್ಲಿ ಇಬ್ಬರು ಕಥೋಲಿಕರಿದ್ದರು. ಮೇರಿಲ್ಯಾಂಡಿನ ಡೇನಿಯಲ್ ಕ್ಯಾರಲ್, ಜಮೀನುದಾರರು; ಜುಲೈ 9ರಂದು ತಡವಾಗಿ ಬಂದು ಸೇರಿದವರು. ಐರ್ಲೆಂಡಿನಲ್ಲಿ ಹುಟ್ಟಿ ಫಿಲಡೆಲ್ಫಿಯಾದಲ್ಲಿ ವ್ಯಾಪಾರಿಯಾಗಿದ್ದ ಥಾಮಸ್ ಫಿಟ್ಸ್‌ಸೈಮನ್ಸ್ ಇನ್ನೊಬ್ಬರು. ಇವರಿಬ್ಬರನ್ನು ಸಂತರನ್ನಾಗಿ ಮಾಡುವ ಉದ್ದೇಶ ನಮ್ಮದಲ್ಲ. ಆಸ್ತಿಯಿದ್ದವರಿಗೆ ಮಾತ್ರ ಮತ ಕೊಡಬೇಕೆಂಬ ಸೂಚನೆಯನ್ನು ಅನುಮೋದಿಸಿದವರು ಇದೇ ಫಿಟ್ಸ್‌ಸೈಮನ್ಸ್. ರಾಷ್ಟ್ರಾಧ್ಯಕ್ಷರನ್ನು ಶಾಸಕರಲ್ಲ, ಜನರೇ ಆರಿಸಲಿ ಎಂದು ಸೂಚನೆ ಮಂಡಿಸಿದವರು ಕ್ಯಾರಲ್. ಎರಡೂ ಸೂಚನೆಗಳು ಸೋತವು.

ಕಿಟಕಿ ಬಾಗಿಲು ಮುಚ್ಚಿ, ಹೊರಗೆ ಕಾವಲಿಟ್ಟು, ಒಳಗಿನ ಮಾತು ಹೊರಗೆ ಹೋಗಕೂಡದೆಂದು ನಿಯಮ ಮಾಡಿಕೊಂಡು ನಾಲ್ಕು ತಿಂಗಳು ಚರ್ಚಿಸಿದರು. ವರ್ಜೀನಿಯಾದ ಜೇಮ್ಸ್ ಮ್ಯಾಡಿಸನ್ ದಿನದಿನವೂ ಕುಳಿತು ಟಿಪ್ಪಣಿ ಬರೆದುಕೊಂಡದ್ದರಿಂದ ನಮಗೆ ಇಷ್ಟೆಲ್ಲ ಗೊತ್ತಾಗಿದೆ. ಅದು ಅಚ್ಚಾದದ್ದು ಅವರು ತೀರಿಹೋದ ಮೇಲೆ, 1840ರಲ್ಲಿ. ಜಗಳವೆಲ್ಲ ದೊಡ್ಡ ರಾಜ್ಯ ಮತ್ತು ಸಣ್ಣ ರಾಜ್ಯಗಳದ್ದು. ಜನಸಂಖ್ಯೆಗೆ ತಕ್ಕಂತೆ ಸ್ಥಾನ ಕೊಡಿ ಎಂದಿತು ವರ್ಜೀನಿಯಾ. ಎಲ್ಲರಿಗೂ ಸಮಪಾಲು ಎಂದಿತು ನ್ಯೂಜೆರ್ಸಿ. ಜೂನ್ 28ರಂದು, ಮಾತು ಮುರಿದುಬೀಳುವ ಹಂತಕ್ಕೆ ಬಂದಾಗ, 81 ವರ್ಷದ ಬೆಂಜಮಿನ್ ಫ್ರಾಂಕ್ಲಿನ್ ಪ್ರತಿದಿನ ಪ್ರಾರ್ಥನೆಯೊಂದಿಗೆ ಸಭೆ ಆರಂಭಿಸೋಣ ಎಂದರು. ಆ ಪ್ರಾರ್ಥನೆಯಿಂದಲೇ ಸಂವಿಧಾನ ಉಳಿಯಿತು ಎಂಬ ಕಥೆ ಕೆಲವು ಪ್ರಬೋಧನೆಗಳಲ್ಲಿ ಕೇಳಿಬರುತ್ತದೆ. ನಿಜ ಹಾಗಿಲ್ಲ. ಪ್ರಾರ್ಥನೆ ನಡೆಸಲು ಬರುವ ಬೋಧಕರಿಗೆ ಸಂಬಳ ಕೊಡಲು ದುಡ್ಡಿಲ್ಲ ಎಂದು ಒಬ್ಬರು ಎದ್ದರು. ಸೂಚನೆ ಮತಕ್ಕೇ ಬರಲಿಲ್ಲ. ಮೂರು ನಾಲ್ಕು ಜನರನ್ನು ಬಿಟ್ಟರೆ ಯಾರಿಗೂ ಪ್ರಾರ್ಥನೆ ಬೇಕೆನಿಸಲಿಲ್ಲ ಎಂದು ಮುದುಕ ಫ್ರಾಂಕ್ಲಿನ್ ತಾವೇ ಬರೆದಿಟ್ಟರು. ಜುಲೈ 16ರಂದು ಒಂದೇ ಮತದ ಅಂತರದಲ್ಲಿ ರಾಜಿ ಆಯಿತು: ಕೆಳಮನೆಯಲ್ಲಿ ಜನಸಂಖ್ಯೆ, ಸೆನೆಟ್‌ನಲ್ಲಿ ಸಮಪಾಲು.

ಇನ್ನೊಂದು ರಾಜಿಯನ್ನು ಹೇಳದೆ ಮುಂದೆ ಹೋಗಲಾಗದು. ಸ್ಥಾನಗಳ ಲೆಕ್ಕಕ್ಕೆ ಐದು ಜನ ಗುಲಾಮರನ್ನು ಮೂರು ಜನರೆಂದು ಎಣಿಸಲು ಒಪ್ಪಿದರು. ಹೊರಗಿನಿಂದ ಗುಲಾಮರನ್ನು ತರುವುದನ್ನು 1808ರವರೆಗೆ ನಿಷೇಧಿಸುವಂತಿಲ್ಲ ಎಂದೂ ಬರೆದರು. ಆದರೆ ಗುಲಾಮ ಎಂಬ ಪದ ಮಾತ್ರ ಎಲ್ಲಿಯೂ ಬರದಂತೆ ನೋಡಿಕೊಂಡರು. ನಾಚಿಕೆ ಇತ್ತೆಂದೇ ಅರ್ಥವಲ್ಲವೇ? ವರ್ಜೀನಿಯಾದ ಜಾರ್ಜ್ ಮೇಸನ್ ಆ ವ್ಯಾಪಾರವನ್ನು ಕಟುವಾಗಿ ಖಂಡಿಸಿದರು, ಅವರ ಮನೆಯಲ್ಲೂ ಗುಲಾಮರಿದ್ದರು. ನಮ್ಮವರೂ ಇದರಿಂದ ಹೊರತಲ್ಲ. ಡೇನಿಯಲ್ ಕ್ಯಾರಲ್ ಅವರ ಹೊಲದಲ್ಲಿ ದುಡಿದವರು ಗುಲಾಮರೇ. ಮುಂದೆ 1838ರಲ್ಲಿ ಮೇರಿಲ್ಯಾಂಡಿನ ಯೇಸುಸಭೆಯವರು ತಮ್ಮ ತೋಟಗಳ 272 ಜನರನ್ನು ಮಾರಿದರು. ತಮಗೆ ಮನಸ್ಸಾಕ್ಷಿಯ ಸ್ವಾತಂತ್ರ್ಯ ಬೇಕೆಂದು ಕಾದವರು ತಮ್ಮ ಅಂಗಳದಲ್ಲಿ ಇದ್ದವರನ್ನು ಕಾಣಲಿಲ್ಲ. ಇದನ್ನು ಬರೆಯುವಾಗ ನಮಗೂ ಲೇಖನಿ ಭಾರವಾಗುತ್ತದೆ.

ಆಗಸ್ಟ್ 30ರಂದು ಸೌತ್ ಕ್ಯಾರೊಲಿನಾದ ಚಾರ್ಲ್ಸ್ ಪಿಂಕ್ನಿ ತಂದ ಸೂಚನೆಯೊಂದು ಹೆಚ್ಚು ಸದ್ದಿಲ್ಲದೆ ಅಂಗೀಕಾರವಾಯಿತು. ಒಕ್ಕೂಟದ ಯಾವ ಹುದ್ದೆಗೂ ಧರ್ಮದ ಪರೀಕ್ಷೆ ಎಂದಿಗೂ ಇರಕೂಡದು ಎಂಬುದೇ ಆ ಸೂಚನೆ. ಉದಾರ ಮನಸ್ಸಿನ ಈ ಕಾಲದಲ್ಲಿ ಇದು ಬೇಕಿಲ್ಲ ಎಂದರು ರೋಜರ್ ಶೆರ್ಮನ್. ನಾರ್ತ್ ಕ್ಯಾರೊಲಿನಾ ವಿರೋಧವಾಗಿ ಮತ ಹಾಕಿತು. ಕ್ಯಾರಲ್ ಅವರ ಮೇರಿಲ್ಯಾಂಡ್ ಪ್ರತಿನಿಧಿಗಳಲ್ಲೇ ಒಡಕಾಯಿತು. ನಮ್ಮ ದೃಷ್ಟಿಯಲ್ಲಿ ಆ ಬೇಸಿಗೆಯ ಅತಿ ದೊಡ್ಡ ಮಾತು ಇದೇ. ಒಂದು ಶತಮಾನದಿಂದ ಪ್ರಮಾಣವಚನದ ಹೆಸರಿನಲ್ಲಿ ಬಾಗಿಲ ಹೊರಗೆ ನಿಂತಿದ್ದವರಿಗೆ ಬಾಗಿಲು ತೆರೆಯಿತು.

ಸೆಪ್ಟೆಂಬರ್ 17ರಂದು 39 ಜನ ಸಹಿ ಹಾಕಿದರು, ಕ್ಯಾರಲ್ ಮತ್ತು ಫಿಟ್ಸ್‌ಸೈಮನ್ಸ್ ಸೇರಿ. ನಾಲ್ಕು ಹಾಳೆ ಚರ್ಮಕಾಗದದ ಮೇಲೆ ಅದನ್ನು ದುಂಡಾಗಿ ಬರೆದ ಗುಮಾಸ್ತ ಜೇಕಬ್ ಶಾಲಸ್‌ಗೆ 30 ಡಾಲರ್ ಸಂದಿತು. ಮೇಸನ್, ರ್‍ಯಾಂಡಲ್ಫ್, ಗೆರ್ರಿ ಎಂಬ ಮೂವರು ಸಹಿ ಹಾಕದೆ ಎದ್ದುಹೋದರು. ಪ್ರಜೆಗಳ ಹಕ್ಕುಗಳ ಪಟ್ಟಿಯೇ ಇಲ್ಲದ ಸಂವಿಧಾನ ಎಂತಹದು ಎಂಬುದು ಮೇಸನ್ ಅವರ ಆಕ್ಷೇಪ. ಐದು ದಿನ ಮೊದಲು ಅವರು ಅದನ್ನು ಕೇಳಿದಾಗ ಒಂದು ರಾಜ್ಯವೂ ಬೆಂಬಲಿಸಿರಲಿಲ್ಲ.

ಸಹಿಯಾದರೆ ಸಾಲದು, ಒಂಬತ್ತು ರಾಜ್ಯಗಳು ತಮ್ಮಲ್ಲಿ ಸಭೆ ಕರೆದು ಒಪ್ಪಬೇಕಿತ್ತು. ಪೆನ್ಸಿಲ್ವೇನಿಯಾದಲ್ಲಿ ಆ ಸಭೆ ಕರೆಯುವುದೇ ಬೇಡವೆಂದು ವಿರೋಧಿಗಳು ಶಾಸನಸಭೆಗೆ ಗೈರುಹಾಜರಾದಾಗ, ಜನರ ಗುಂಪು ಇಬ್ಬರನ್ನು ಮನೆಯಿಂದ ಎಳೆತಂದು ಕುರ್ಚಿಯಲ್ಲಿ ಕೂರಿಸಿ ಕೋರಂ ಮಾಡಿಸಿತು! 1787ರ ಡಿಸೆಂಬರ್ 7ರಂದು ಡೆಲವೇರ್ ಎಲ್ಲರಿಗಿಂತ ಮೊದಲು, ಒಂದೂ ವಿರೋಧವಿಲ್ಲದೆ ಒಪ್ಪಿತು. ಮ್ಯಾಸಚೂಸೆಟ್ಸ್‌ನಲ್ಲಿ 187ಕ್ಕೆ 168. ಈಗ ಒಪ್ಪೋಣ, ಹಕ್ಕುಗಳನ್ನು ಆಮೇಲೆ ಸೇರಿಸಲು ಕೇಳೋಣ ಎಂಬ ಮಾತಿನ ಮೇಲೆ ಅದು ಪಾರಾಯಿತು. ಒಂಬತ್ತನೆಯದು ನ್ಯೂಹ್ಯಾಂಪ್‌ಶೈರ್, 1788ರ ಜೂನ್ 21ರಂದು. ನಾಲ್ಕು ದಿನ ಬಿಟ್ಟು ವರ್ಜೀನಿಯಾ, 89ಕ್ಕೆ 79. ಅಲ್ಲಿ ಪ್ಯಾಟ್ರಿಕ್ ಹೆನ್ರಿ ಎಂಬ ಮಾತಿನ ಮಲ್ಲ, ರಾಜ್ಯಗಳು ಎನ್ನುವ ಬದಲು ‘ಜನರಾದ ನಾವು’ ಎಂದು ಬರೆಯಲು ಇವರಿಗೆ ಅಧಿಕಾರ ಕೊಟ್ಟವರು ಯಾರು ಎಂದು ಗುಡುಗಿದರು. ಆ ‘ನಾವು’ ನಮ್ಮ ಭಾರತದ ಸಂವಿಧಾನದ ಮೊದಲ ಸಾಲಿನಲ್ಲೂ ಬಂದು ಕುಳಿತಿದೆ. ನಮ್ಮ ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾವ್ ಮಂಗಳೂರಿನಲ್ಲಿ ಹುಟ್ಟಿದವರು. 1947ರಲ್ಲಿ ಅಮೆರಿಕಕ್ಕೇ ಹೋಗಿ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಮೊದಲಾದವರೊಂದಿಗೆ ಕುಳಿತು ಚರ್ಚಿಸಿ ಬಂದರು. ಆ ಸಭೆಯಲ್ಲಿ ಮಂಗಳೂರು ಮೂಲದ ಯೇಸುಸಭೆಯ ಗುರು ಜೆರೋಮ್ ಡಿಸೋಜರೂ ಸದಸ್ಯರಾಗಿದ್ದರು.

ಅಮೆರಿಕದ ಕಥೆಗೆ ಮರಳೋಣ. 1788ರ ಜುಲೈ 30ರಂದು ನಾರ್ತ್ ಕ್ಯಾರೊಲಿನಾದ ಸಭೆಯಲ್ಲಿ ಧರ್ಮ ಪರೀಕ್ಷೆ ಇಲ್ಲದ ಕಲಮಿನ ಬಗ್ಗೆ ದೊಡ್ಡ ಗಲಾಟೆ. ನಾಳೆ ನಾಸ್ತಿಕರು, ಮುಸಲ್ಮಾನರು ಅಧಿಕಾರಕ್ಕೆ ಬಂದರೆ? ರೋಮಿನ ಪೋಪರೇ ಅಮೆರಿಕದ ಅಧ್ಯಕ್ಷರಾದರೆ? ಹೀಗೆಂದು ಒಂದು ಕರಪತ್ರವೇ ಅಚ್ಚಾಗಿತ್ತು! ಜೇಮ್ಸ್ ಐರ್ಡೆಲ್ ಎಂಬ ವಕೀಲರು ತಾಳ್ಮೆಯಿಂದ ಉತ್ತರಿಸಿದರು: ಅಧ್ಯಕ್ಷರಾಗುವವರು ಹದಿನಾಲ್ಕು ವರ್ಷ ಈ ದೇಶದಲ್ಲಿ ವಾಸವಾಗಿರಬೇಕು, ಪೋಪರನ್ನಾದರೋ ಕಾರ್ಡಿನಲ್‌ಗಳ ನಡುವಿನಿಂದ ಆರಿಸುತ್ತಾರೆ, ಎರಡೂ ಒಬ್ಬರಲ್ಲೇ ಕೂಡುವುದೆಂತು? ಸಭೆಯ ಭಯ ಪೂರ್ತಿ ಹೋಗಲಿಲ್ಲ. ಹಕ್ಕುಗಳ ಪಟ್ಟಿ ಬರಲಿ ಎಂದು ಹೇಳಿ ಆ ರಾಜ್ಯ ಅಂದು ಒಪ್ಪದೆ ಎದ್ದಿತು; ಒಪ್ಪಿದ್ದು 1789ರ ನವೆಂಬರಿನಲ್ಲಿ. 2025ರ ಮೇ 8ರಂದು ಷಿಕಾಗೋದಲ್ಲಿ ಹುಟ್ಟಿದ ಕಾರ್ಡಿನಲ್ ಪ್ರೆವೊ ಹದಿನಾಲ್ಕನೆಯ ಲಿಯೋ ಆಗಿ ಜಗದ್ಗುರು ಪೀಠವೇರಿದಾಗ, ಆ ಕರಪತ್ರ ಬರೆದವರು ಇದ್ದಿದ್ದರೆ ಏನೆನ್ನುತ್ತಿದ್ದರೋ ಎಂದು ನಮಗೆ ನಗು ಬಂತು.

ಒಂಬತ್ತು ರಾಜ್ಯಗಳು ಒಪ್ಪಿದ ಸಂಭ್ರಮಕ್ಕೆ 1788ರ ಜುಲೈ 4ರಂದು ಫಿಲಡೆಲ್ಫಿಯಾದಲ್ಲಿ ನಡೆದ ಮೆರವಣಿಗೆಯಲ್ಲಿ ಫಿಟ್ಸ್‌ಸೈಮನ್ಸ್ ಫ್ರಾನ್ಸಿನ ಸ್ನೇಹದ ಗುರುತಾಗಿ ಬಿಳಿ ರೇಷ್ಮೆಯ ಬಾವುಟ ಹಿಡಿದು ಕುದುರೆಯ ಮೇಲೆ ಸಾಗಿದರು. ಹಿಂದೆ ಬೇರೆ ಬೇರೆ ಸಭೆಗಳ ಬೋಧಕರು ಕೈಗೆ ಕೈ ಸೇರಿಸಿ ನಡೆದರು. ನಡುವೆ ಯೆಹೂದ್ಯರ ರಬ್ಬಿ.

ಮುಂದಿನ ವರ್ಷ ಮ್ಯಾಡಿಸನ್ ಹಕ್ಕುಗಳ ತಿದ್ದುಪಡಿಗಳನ್ನು ಕಾಂಗ್ರೆಸ್ಸಿನ ಮುಂದಿಟ್ಟಾಗಲೇ ಡೇನಿಯಲ್ ಕ್ಯಾರಲ್ ಎದ್ದದ್ದು. ಮನಸ್ಸಾಕ್ಷಿ ಬಹಳ ನಾಜೂಕಾದದ್ದು, ಸರ್ಕಾರದ ಕೈ ಎಷ್ಟೇ ಮೆಲ್ಲಗೆ ತಾಕಿದರೂ ಅದು ತಾಳದು ಎಂಬ ಅರ್ಥದ ಮಾತು ಅವರದು. ಹತ್ತು ತಿದ್ದುಪಡಿಗಳು 1791ರ ಡಿಸೆಂಬರ್ 15ರಂದು ಸಂವಿಧಾನಕ್ಕೆ ಸೇರಿದವು. ಆದರೆ ಅವು ಕಟ್ಟಿಹಾಕಿದ್ದು ಕೇಂದ್ರವನ್ನು ಮಾತ್ರ. ನ್ಯೂಜೆರ್ಸಿಯ ಕಥೋಲಿಕರು ತಮ್ಮ ರಾಜ್ಯದ ಹುದ್ದೆಗಳಿಗೆ 1844ರವರೆಗೆ ಕಾಯಬೇಕಾಯಿತು.

ಜಾನ್ ಕ್ಯಾರಲ್ ಅವರ ಅಭಿಷೇಕಕ್ಕೆ ಅಮೆರಿಕದಲ್ಲಿ ಧರ್ಮಾಧ್ಯಕ್ಷರೇ ಇರಲಿಲ್ಲ. ಅದಕ್ಕಾಗಿ ಅವರು ಇಂಗ್ಲೆಂಡಿನ ಲಲ್ವರ್ತ್‌ಗೆ, ಒಂದು ಕಥೋಲಿಕ ಮನೆತನದ ಖಾಸಗಿ ದೇವಾಲಯಕ್ಕೆ ಹೋದರು. ಹೊರಗಿನಿಂದ ನೋಡಿದರೆ ಚರ್ಚೆಂದು ಗೊತ್ತಾಗದಂತೆ ಅದನ್ನು ಕಟ್ಟಿದ್ದರು. ಅದಕ್ಕೆ ಎರಡೂವರೆ ತಿಂಗಳ ಹಿಂದೆ, ಮೇ 29ರಂದು, ಹಟ ಹಿಡಿದು ಕುಳಿತಿದ್ದ ರೋಡ್ ಐಲೆಂಡ್ 34ಕ್ಕೆ 32 ಮತಗಳಿಂದ ಸಂವಿಧಾನವನ್ನು ಒಪ್ಪಿತ್ತು. ಡಿಸೆಂಬರಿನಲ್ಲಿ ಬಾಲ್ಟಿಮೋರಿಗೆ ಮರಳಿದ ಹೊಸ ಧರ್ಮಾಧ್ಯಕ್ಷರ ಧರ್ಮಪ್ರಾಂತ ಹದಿಮೂರೂ ರಾಜ್ಯಗಳಷ್ಟು ವಿಶಾಲವಾಗಿತ್ತು.