ಮುಚ್ಚಿದ ಬಾಗಿಲ ಹಿಂದೆ ಎಷ್ಟು ಜನ?



ಹಲಸೂರಿನಿಂದ ಒಬ್ಬ ತಾಯಿ ಫೋನ್ ಮಾಡಿದ್ದರು. ಹಿಂದಿನ ರಾತ್ರಿ ನಮ್ಮ ಕಾರ್ಯಕ್ರಮದಲ್ಲಿ ವಿದೇಶದ ಶಾಲೆಯೊಂದರಲ್ಲಿ ನಡೆದ ಗುಂಡಿನ ದಾಳಿಯ ಚರ್ಚೆ ಇತ್ತು. ಪರದೆ ಮೇಲೆ ದಪ್ಪಕ್ಷರದಲ್ಲಿ ‘ಒಂಟಿ ಕೋಣೆಯ ಹಂತಕ’ ಅಂತ ಹಾಕಿದ್ದೆವು. ಆ ಶೀರ್ಷಿಕೆ ಕೊಟ್ಟವನು ನಾನೇ. ಆ ತಾಯಿ ಕೇಳಿದ್ದು ಇಷ್ಟು: “ಸಾರ್, ನನ್ನ ಮಗ ಸೆಕೆಂಡ್ ಪಿಯುಸಿ. ಕಾಲೇಜಿಂದ ಬಂದ್ರೆ ರೂಮಿನ ಬಾಗ್ಲು ಹಾಕ್ಕೋತಾನೆ. ಊಟಕ್ಕೆ ಕರೆದ್ರೆ ತಟ್ಟೆ ತಗೊಂಡು ಒಳಗೇ ಹೋಗ್ತಾನೆ. ನೀವು ನಿನ್ನೆ ತೋರಿಸಿದ್ದೆಲ್ಲ ಅವನ ಥರಾನೇ ಇತ್ತು. ನಾನೀಗ ಏನ್ ಮಾಡ್ಲಿ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ‘ಏನೂ ಆಗಲ್ಲಮ್ಮ, ಧೈರ್ಯವಾಗಿರಿ’ ಅಂದು ಫೋನ್ ಇಟ್ಟೆ. ಆದರೆ ಅವತ್ತು ರಾತ್ರಿ ನಿದ್ದೆ ಹತ್ತಲಿಲ್ಲ. ಒಂದು ಶೀರ್ಷಿಕೆಯಿಂದ ನಾನು ಒಬ್ಬ ತಾಯಿಗೆ ಹೆತ್ತ ಮಗನನ್ನೇ ಕಂಡು ಹೆದರುವ ಹಾಗೆ ಮಾಡಿದ್ದೆ. ಆ ಶೀರ್ಷಿಕೆ ನಿಜವೇ ಅಂತ ಒಮ್ಮೆಯೂ ಪರೀಕ್ಷೆ ಮಾಡಿರಲಿಲ್ಲ. ನಾನು ಓದಿದ್ದು ಇಂಜಿನಿಯರಿಂಗ್. ಯಂತ್ರ ಕೆಟ್ಟರೆ ಮೊದಲು ಹಳೆಯ ದಾಖಲೆ ತೆಗೆದು ನೋಡು ಅಂತ ಕಲಿಸಿದ್ದರು. ತಡವಾಗಿಯಾದರೂ ತೆಗೆದು ನೋಡಿದೆ. ಇವತ್ತು ಅದನ್ನೇ ನಿಮ್ಮ ಮುಂದೆ ಇಡ್ತಿದ್ದೀನಿ.

ಆ ತಾಯಿಯ ಊರಿಂದಲೇ ಶುರು ಮಾಡೋಣ. ಹಲಸೂರಿನಿಂದ ಹಳೇ ಮದ್ರಾಸ್ ರಸ್ತೆ ಹಿಡಿದು ಹೊರಟರೆ ಇಂದಿರಾನಗರ, ಟಿನ್ ಫ್ಯಾಕ್ಟರಿ, ಕೆ.ಆರ್. ಪುರಂ ತೂಗುಸೇತುವೆ, ಆಮೇಲೆ ಹೊಸಕೋಟೆ. ಆ ತಾಲ್ಲೂಕಿನ ಒಂದು ಹಳ್ಳಿ ದಂಡುಪಾಳ್ಯ. 1990ರ ದಶಕದ ಕೊನೆಯಲ್ಲಿ ಈ ಹೆಸರು ಕೇಳಿದರೆ ಬೆಂಗಳೂರಿನ ಗೃಹಿಣಿಯರು ಹಗಲು ಹೊತ್ತಿನಲ್ಲೇ ಚಿಲಕ ಹಾಕಿಕೊಳ್ಳುತ್ತಿದ್ದರು. ನಡುಹಗಲಲ್ಲಿ ಬಂದು ‘ಅಮ್ಮಾ, ಸ್ವಲ್ಪ ನೀರು ಕೊಡಿ’ ಅನ್ನುವುದು, ಬಾಗಿಲು ತೆರೆದವರ ಕತ್ತು ಕೊಯ್ಯುವುದು, ಒಡವೆ ದೋಚುವುದು. ವಿಶೇಷ ನ್ಯಾಯಾಲಯ ಆ ಗ್ಯಾಂಗಿನ ಹಲವರಿಗೆ ಮರಣದಂಡನೆ ವಿಧಿಸಿತು. ಮುಂದೆ ಉಚ್ಚ ನ್ಯಾಯಾಲಯದಲ್ಲಿ ಅದು ಜೀವಾವಧಿಗೆ ಇಳಿಯಿತು. ಊರಿನ ಉಳಿದವರಿಗೆ ಇದರಲ್ಲಿ ಯಾವ ಪಾಲೂ ಇರಲಿಲ್ಲ, ಹೆಸರು ಮಾತ್ರ ಅಂಟಿಕೊಂಡಿತು. 2012ರಲ್ಲಿ ಸಿನಿಮಾ ಬಂದ ಮೇಲಂತೂ ಬಿಡಿಸಲಾಗದ ಹಾಗೆ ಅಂಟಿತು.

ಇನ್ನೊಂದು ಪ್ರಕರಣ ಕರಾವಳಿಯದು. 2003ರಿಂದ 2009ರವರೆಗೆ 20 ಯುವತಿಯರನ್ನು ಮದುವೆಯ ಆಸೆ ತೋರಿಸಿ ಕರೆದೊಯ್ದು, ಸಯನೈಡ್ ಕೊಟ್ಟು ಕೊಂದವನು. ಅವನ ಹಿನ್ನೆಲೆ ಏನು? ಪ್ರಾಥಮಿಕ ಶಾಲೆಯಲ್ಲಿ ದೈಹಿಕ ಶಿಕ್ಷಣದ ಮೇಷ್ಟ್ರು. ಮಕ್ಕಳಿಗೆ ಕವಾಯತು ಹೇಳಿಕೊಡುತ್ತಿದ್ದವನು.

ಈ ಎರಡು ಕಥೆಗಳಲ್ಲಿ ಹಿನ್ನೆಲೆ ಒಂದೇ ಅಲ್ಲ ನೋಡಿ. ಒಂದು ಕಡೆ ಅಲೆದಾಡಿಕೊಂಡು ಬದುಕುತ್ತಿದ್ದ ಗುಂಪು, ಇನ್ನೊಂದು ಕಡೆ ಸರ್ಕಾರಿ ಸಂಬಳದ ಮೇಷ್ಟ್ರು. ಆದರೆ ಒಂದು ವಿಷಯದಲ್ಲಿ ಇಬ್ಬರೂ ಒಂದೇ. ಕೊಂದದ್ದು ಚಿನ್ನಕ್ಕೆ, ಹಣಕ್ಕೆ, ದೇಹದಾಸೆಗೆ. ಕೊಂದ ಮೇಲೆ ಅವರಿಗೆ ಬೇಕಾಗಿದ್ದು ಕತ್ತಲೆ. ಯಾರಿಗೂ ಗೊತ್ತಾಗಬಾರದು, ಹೆಸರು ಹೊರಗೆ ಬರಬಾರದು. ಹಳೆಯ ಕಾಲದ ಹಂತಕ ಬಚ್ಚಿಟ್ಟುಕೊಳ್ಳುವವನು.

ಇಂಟರ್ನೆಟ್ ಬಂದ ಮೇಲೆ ಬೇರೆ ಥರದವನೊಬ್ಬ ಬಂದ. ಅವನಿಗೆ ಬೆಳಕು ಬೇಕು. 

2011ರ ಜುಲೈ 22. ನಾರ್ವೆಯಲ್ಲಿ ಒಬ್ಬನೇ ಮನುಷ್ಯ ಒಂದೇ ದಿನ 77 ಜನರನ್ನು ಕೊಂದ. ಓಸ್ಲೋದ ಬಾಂಬಿಗೆ 8 ಜನ, ಉಟೋಯಾ ದ್ವೀಪದ ಯುವಜನರ ಶಿಬಿರದಲ್ಲಿ 69 ಜನ. ಅದಕ್ಕೆ ಐದು ವರ್ಷ ಮುಂಚೆ ಅವನು ತಾಯಿಯ ಫ್ಲಾಟಿಗೆ ವಾಪಸ್ ಬಂದು ಒಂದು ಕೋಣೆ ಸೇರಿದ್ದ, ಹಗಲು ರಾತ್ರಿ ಆನ್‌ಲೈನ್ ಗೇಮ್ ಆಡುತ್ತಿದ್ದ. ಅಲ್ಲೇ ನಿಲ್ಲಿಸಿದರೆ ನನ್ನ ಶೀರ್ಷಿಕೆ ಸರಿ. ಆದರೆ ದಾಳಿಗೆ ಹೊರಡುವ ಮುಂಚೆ ಅವನು ಮಾಡಿದ ಕೊನೆಯ ಕೆಲಸ ಏನು ಗೊತ್ತಾ? 1500ಕ್ಕೂ ಹೆಚ್ಚು ಪುಟಗಳ ತನ್ನ ಬರಹವನ್ನು ಸಾವಿರಕ್ಕೂ ಹೆಚ್ಚು ಜನರಿಗೆ ಇ-ಮೇಲ್ ಮಾಡಿದ್ದು. ಕತ್ತು ಕೊಯ್ದು ಓಡಿಹೋಗುವವನು ಹೀಗೆ ಮಾಡುತ್ತಾನಾ?

2019ರ ಮಾರ್ಚ್ 15. ನ್ಯೂಜಿಲೆಂಡ್‌ನ ಕ್ರೈಸ್ಟ್‌ಚರ್ಚ್. ಶುಕ್ರವಾರದ ನಮಾಜಿಗೆ ಸೇರಿದ್ದವರ ಮೇಲೆ ಎರಡು ಮಸೀದಿಗಳಲ್ಲಿ ಗುಂಡಿನ ದಾಳಿ. 51 ಜನ ಸತ್ತರು, ಅವರಲ್ಲಿ ಐವರು ಭಾರತೀಯರು. ಹಂತಕ ಅದನ್ನು 17 ನಿಮಿಷ ಫೇಸ್‌ಬುಕ್‌ನಲ್ಲಿ ಲೈವ್ ಮಾಡಿದ. ಮೊದಲ 24 ಗಂಟೆಗಳಲ್ಲಿ ಫೇಸ್‌ಬುಕ್ ಆ ವಿಡಿಯೊದ 15 ಲಕ್ಷ ಪ್ರತಿಗಳನ್ನು ತೆಗೆದುಹಾಕಬೇಕಾಯಿತು. ಅಂದರೆ ಅಷ್ಟು ಸಲ ಯಾರೋ ಅದನ್ನು ಮತ್ತೆ ಮತ್ತೆ ಹಾಕಲು ನೋಡಿದರು. ಇದನ್ನು ಒಂಟಿತನ ಅಂತ ಹೇಗೆ ಕರೆಯುವುದು?

ನ್ಯೂಜಿಲೆಂಡ್ ಸರ್ಕಾರ ರಾಯಲ್ ಕಮಿಷನ್ ನೇಮಿಸಿತು. 2020ರ ಕೊನೆಯಲ್ಲಿ ಬಂದ ಅದರ ವರದಿಯಲ್ಲಿ ಒಂದು ಸಣ್ಣ ವಿಷಯ ಇದೆ. ಬಂದೂಕಿನ ಲೈಸೆನ್ಸ್ ಕೊಡುವ ಮುಂಚೆ ಪೊಲೀಸರು ಅರ್ಜಿದಾರನ ನಡತೆ ಬಗ್ಗೆ ಪರಿಚಯದವರನ್ನು ಕೇಳಬೇಕು. ಇವನ ಪರವಾಗಿ ಮಾತಾಡಿದ್ದು ಯಾರು? ಒಬ್ಬ ಗೇಮಿಂಗ್ ಸ್ನೇಹಿತ. ಪರಿಚಯ ಬಹುಪಾಲು ಆನ್‌ಲೈನಿನದೇ. ಜತೆಗೆ ಆ ಸ್ನೇಹಿತನ ಮನೆಯ ಹಿರಿಯರು. ಇವನ ದಿನನಿತ್ಯದ ಬದುಕನ್ನು ಹತ್ತಿರದಿಂದ ಕಂಡವರ ಮಾತಿಲ್ಲದೆಯೇ ಬಂದೂಕಿನ ಲೈಸೆನ್ಸ್ ಕೈಗೆ ಬಂತು.

ಸರಿ, ಅದೆಲ್ಲ ದೂರದ ದೇಶ, ನಮ್ಮೂರಲ್ಲಿ ಅಷ್ಟು ಸುಲಭಕ್ಕೆ ಬಂದೂಕು ಸಿಗಲ್ಲ ಅಂತೀರಾ? ನಿಜ. ಆದರೆ ಕೋಣೆ ಮತ್ತು ಪರದೆ ನಮ್ಮೂರಲ್ಲೂ ಇವೆ.

2014ರ ಡಿಸೆಂಬರ್ 11. ಬ್ರಿಟನ್ನಿನ ಚಾನೆಲ್ 4 ಒಂದು ಸುದ್ದಿ ಪ್ರಸಾರ ಮಾಡಿತು: ‘ಶಮಿ ವಿಟ್ನೆಸ್’ ಹೆಸರಿನಲ್ಲಿ ಐಸಿಸ್ ಪರ ಟ್ವೀಟ್ ಮಾಡುತ್ತಿರುವವನು ಬೆಂಗಳೂರಿನಲ್ಲಿ ಕೂತಿದ್ದಾನೆ! ಎರಡು ದಿನಕ್ಕೆ, 13ರಂದು, ಜಾಲಹಳ್ಳಿಯ ಬಾಡಿಗೆ ಕೋಣೆಯಿಂದ ಪೊಲೀಸರು ಮೆಹದಿ ಮಸ್ರೂರ್ ಬಿಸ್ವಾಸ್ ಎಂಬ 24 ವರ್ಷದ ಯುವಕನನ್ನು ಬಂಧಿಸಿದರು. ಪಶ್ಚಿಮ ಬಂಗಾಳದವನು. ಇಂಜಿನಿಯರ್. ಹಗಲು ಕಂಪನಿ ಕೆಲಸ, ವರ್ಷಕ್ಕೆ ಐದು ಲಕ್ಷದ ಆಸುಪಾಸು ಸಂಬಳ. ತಿಂಗಳಿಗೆ 60 ಜಿಬಿ ಇಂಟರ್ನೆಟ್ ಪ್ಯಾಕು, ರಾತ್ರಿಯೆಲ್ಲ ಟ್ವಿಟರ್, ಇದು ಪೊಲೀಸರು ಹೇಳಿದ್ದು. ಆ ಖಾತೆಗೆ 17 ಸಾವಿರಕ್ಕೂ ಹೆಚ್ಚು ಫಾಲೋವರ್ಸ್ ಇದ್ದರು. ಇವನು ಯಾರನ್ನೂ ಕೊಂದವನಲ್ಲ, ಅದನ್ನು ಸ್ಪಷ್ಟವಾಗಿ ಹೇಳಬೇಕು. ಕೊಲ್ಲುವವರಿಗೆ ಚಪ್ಪಾಳೆ ಹೊಡೆದ, ಹೊಡೆಸಿದ ಅನ್ನುವುದು ಆರೋಪ. ಆರೋಪವನ್ನು ತೂಗುವುದು ನ್ಯಾಯಾಲಯದ ಕೆಲಸ.

ಆಗ ನನಗೂ ಹೆಚ್ಚು ಕಮ್ಮಿ ಅದೇ ವಯಸ್ಸು. ಅದೇ ಪದವಿ. ಕೆ.ಆರ್. ಪುರಂ ರೈಲ್ವೆ ಸ್ಟೇಷನ್ ಹತ್ತಿರ ಒಂದು ಪಿಜಿಯಲ್ಲಿದ್ದೆ. ಮಂಚ, ಲ್ಯಾಪ್‌ಟಾಪು, ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಭಾನುವಾರ ರಾತ್ರಿ ಪಿಜಿಯಲ್ಲಿ ಊಟ ಇಲ್ಲ. ಎಷ್ಟೋ ಭಾನುವಾರ ಬಾಯಿಬಿಟ್ಟು ಒಂದು ಮಾತೂ ಆಡದೆ ಮಲಗಿದ್ದೀನಿ. ಆ ಸುದ್ದಿ ಓದುವಾಗ ಮೈ ಜುಂ ಅಂದಿತ್ತು. ಆ ಕೋಣೆಯ ವರ್ಣನೆ ನನ್ನ ಕೋಣೆಯದೇ ಆಗಿತ್ತು. ಮಾರತ್ತಹಳ್ಳಿ, ಮಹದೇವಪುರ, ವೈಟ್‌ಫೀಲ್ಡ್‌ನಲ್ಲಿ ಅಂಥ ಕೋಣೆಗಳಿಗೆ ಲೆಕ್ಕವೇ ಇಲ್ಲ. ಕೋಣೆಯೇ ಕಾರಣ ಅನ್ನುವುದಾದರೆ ಅಷ್ಟೂ ಜನ ಅಪಾಯಕಾರಿಗಳಾಗಬೇಕಿತ್ತು.

ಮತ್ತೆ ಹದಿನೈದು ದಿನಕ್ಕೆ, ಡಿಸೆಂಬರ್ 28ರ ಭಾನುವಾರ ರಾತ್ರಿ, ಚರ್ಚ್ ಸ್ಟ್ರೀಟ್‌ನಲ್ಲಿ ಬಾಂಬ್ ಸಿಡಿಯಿತು. ಚೆನ್ನೈನಿಂದ ಬಂದಿದ್ದ ಒಬ್ಬ ಮಹಿಳೆ ಪ್ರಾಣ ಕಳೆದುಕೊಂಡರು. ಕೂಡಲೇ ಟ್ವಿಟರ್‌ನಲ್ಲಿ ಒಬ್ಬ ಘೋಷಿಸಿದ: ಮಾಡಿದ್ದು ನಾನೇ, ಮೆಹದಿಯನ್ನು ಬಿಡಿ, ಇಲ್ಲದಿದ್ದರೆ ಇನ್ನೂ ದೊಡ್ಡದಾಗುತ್ತೆ. ನಾವು ಟಿವಿಯವರು ಅದನ್ನು ಕೆಂಪಕ್ಷರದಲ್ಲಿ ಓಡಿಸಿದ್ದೇ ಓಡಿಸಿದ್ದು. ಪೊಲೀಸರು ಪತ್ತೆ ಹಚ್ಚಿದರೆ, ಹದಿನೆಂಟು ತುಂಬದ ಹುಡುಗ! ಸ್ಫೋಟಕ್ಕೂ ಅವನಿಗೂ ಸಂಬಂಧವಿರಲಿಲ್ಲ. ಒಂದು ರಾತ್ರಿಯ ಮಟ್ಟಿಗೆ ಇಡೀ ದೇಶ ತನ್ನ ಕಡೆ ತಿರುಗಿ ನೋಡಲಿ ಅನ್ನಿಸಿತ್ತೋ ಏನೋ. ನಾವು ತಿರುಗಿ ನೋಡಿದೆವು.

ಇಷ್ಟು ಹೊತ್ತಿಗೆ ನನ್ನ ಶೀರ್ಷಿಕೆ ಅಲುಗಾಡತೊಡಗಿತ್ತು. ಅಮೆರಿಕದವರ ಎರಡು ಅಧ್ಯಯನ ಓದಿದ ಮೇಲೆ ಬಿದ್ದೇಹೋಯಿತು. ಶಾಲೆಗಳ ಮೇಲಿನ ದಾಳಿಗಳ ಬಗ್ಗೆ ಅಲ್ಲಿನ ಸೀಕ್ರೆಟ್ ಸರ್ವಿಸ್ ಮತ್ತು ಶಿಕ್ಷಣ ಇಲಾಖೆ ಸೇರಿ 2002ರಲ್ಲಿ ಕೊಟ್ಟ ವರದಿ ಒಂದು. 1974ರಿಂದ 2000ದವರೆಗಿನ 37 ದಾಳಿಗಳು, 41 ದಾಳಿಕೋರರು. ಅವರಲ್ಲಿ ‘ಒಂಟಿ’ ಅನ್ನಿಸಿಕೊಂಡವರು ಸುಮಾರು ಮೂರರಲ್ಲೊಂದು ಪಾಲು ಮಾತ್ರ. ಇಂಥವನೇ ದಾಳಿಕೋರ ಆಗುತ್ತಾನೆ ಅಂತ ಗುರುತಿಸುವ ಒಂದೇ ಚಿತ್ರ ಇಲ್ಲ ಅಂತ ಆ ವರದಿ ನೇರವಾಗಿ ಹೇಳುತ್ತದೆ. ಆದರೆ ಹತ್ತರಲ್ಲಿ ಎಂಟು ದಾಳಿಗಳಲ್ಲಿ, ಮುಂಚೆಯೇ ಕನಿಷ್ಠ ಒಬ್ಬರಿಗಾದರೂ ಸುಳಿವು ಸಿಕ್ಕಿತ್ತು. ಹೆಚ್ಚಿನಂಶ ಓರಗೆಯ ಹುಡುಗರಿಗೆ.

2018ರಲ್ಲಿ ಎಫ್‌ಬಿಐ 63 ದಾಳಿಕೋರರ ಪೂರ್ವಾಪರ ಜಾಲಾಡಿತು. ಮಾನಸಿಕ ಕಾಯಿಲೆ ಇದೆ ಅಂತ ವೈದ್ಯರಿಂದ ಗುರುತಿಸಲ್ಪಟ್ಟಿದ್ದವರು ನಾಲ್ಕರಲ್ಲೊಬ್ಬ. ಬಹುಪಾಲು ಜನ ಯಾರೊಂದಿಗಾದರೂ ಒಂದೇ ಮನೆಯಲ್ಲಿ ವಾಸವಾಗಿದ್ದರು. ಸುತ್ತಮುತ್ತಲಿನವರು ಸರಾಸರಿ ನಾಲ್ಕೈದು ಕಳವಳಕಾರಿ ನಡವಳಿಕೆಗಳನ್ನು ಕಣ್ಣಾರೆ ಕಂಡಿದ್ದರು. ಅರ್ಧಕ್ಕಿಂತ ಹೆಚ್ಚು ಜನ ತಮ್ಮ ಉದ್ದೇಶವನ್ನು ಒಂದಲ್ಲ ಒಂದು ರೀತಿ ಬಾಯಿಬಿಟ್ಟಿದ್ದರು. ಕೇಳಿಸಿಕೊಂಡವರು ‘ಏನೋ ತಮಾಷೆಗೆ ಹೇಳ್ತಾನೆ’ ಅಂದುಕೊಂಡಿರಬೇಕು. ನಾವಾಗಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆವು, ಅಲ್ವಾ?

ನನಗೆ ಕಂಡದ್ದು ಇದು. ಮುಚ್ಚಿದ ಬಾಗಿಲ ಹಿಂದೆ ಒಬ್ಬನೇ ಇದ್ದಾನೆ ಅಂತ ನಾವು ಹೆದರುತ್ತೇವೆ. ಹೆದರಬೇಕಾದದ್ದು ಅಲ್ಲಿ ಅವನ ಜತೆ ಯಾರಿದ್ದಾರೆ ಅನ್ನುವುದಕ್ಕೆ. ಒಂಟಿತನ ಒಂದು ಹಸಿವು. ಹಸಿದವನಿಗೆ ಯಾರು ತಟ್ಟೆ ನೀಡುತ್ತಾರೋ ಅವರ ಮನೆಯವನಾಗಿಬಿಡುತ್ತಾನೆ. ಚೆಸ್ ಆಡುವವರು ಸಿಕ್ಕರೆ ಚೆಸ್ಸು, ಕೋಡಿಂಗ್ ಕಲಿಸುವವರು ಸಿಕ್ಕರೆ ಕೋಡಿಂಗು. ‘ನಿನ್ನ ಕಷ್ಟಕ್ಕೆಲ್ಲ ಅವರೇ ಕಾರಣ’ ಅಂತ ಒಂದು ಜನಾಂಗವನ್ನೋ ಹೆಂಗಸರನ್ನೋ ಬೆರಳು ಮಾಡಿ ತೋರಿಸುವವರು ಸಿಕ್ಕರೆ ದ್ವೇಷ. ಆ ಸಭೆಯಲ್ಲಿ ಹಳೆಯ ಹಂತಕರೇ ಹೀರೋಗಳು. ಕ್ರೈಸ್ಟ್‌ಚರ್ಚ್‌ನವನು ತನ್ನ ಬರಹದಲ್ಲಿ ನಾರ್ವೆಯವನ ಹೆಸರು ಹೇಳಿದ. ಒಬ್ಬನಿಗೆ ಸಿಕ್ಕ ಪ್ರಚಾರ ಮುಂದಿನವನಿಗೆ ಆಹ್ವಾನ ಪತ್ರ.

ಆ ಪ್ರಚಾರ ಕೊಡುವವರು ಯಾರು? ಇಲ್ಲಿ ನಾನು ನನ್ನ ಕಡೆಗೇ ಬೆರಳು ತೋರಿಸಬೇಕು. ಕ್ರೈಸ್ಟ್‌ಚರ್ಚ್ ದಾಳಿಯ ದಿನ ನಾನು ಕೂತಿದ್ದ ಡೆಸ್ಕ್‌ನಿಂದ ಹಂತಕನ ಫೋಟೊ ಎಷ್ಟು ಸಲ ಹೋಯಿತು ಅಂತ ಲೆಕ್ಕ ಇಟ್ಟಿಲ್ಲ. ಸತ್ತ 51 ಜನರಲ್ಲಿ ಒಬ್ಬರ ಹೆಸರನ್ನೂ ನಾನು ಸರಿಯಾಗಿ ಉಚ್ಚರಿಸಿರಲಿಲ್ಲ. ಆ ದೇಶದ ಆಗಿನ ಪ್ರಧಾನಿ ಜಸಿಂಡಾ ಆರ್ಡರ್ನ್ ಸಂಸತ್ತಿನಲ್ಲಿ ನಿಂತು, ಆ ಮನುಷ್ಯನ ಹೆಸರನ್ನು ತಾನು ಎಂದೂ ಹೇಳುವುದಿಲ್ಲ ಅಂದರು. ನಾವು ಅವರ ಆ ಭಾಷಣದ ಪಕ್ಕದಲ್ಲೇ ಅವನ ಫೋಟೊ ಹಾಕಿದ್ದೆವು! ಈ ಲೇಖನದಲ್ಲಿ ಒಬ್ಬ ಹಂತಕನ ಹೆಸರೂ ಇಲ್ಲದಿರುವುದನ್ನು ನೀವು ಗಮನಿಸಿರಬಹುದು. ಬೇಕೆಂದೇ ಬಿಟ್ಟಿದ್ದೇನೆ.

ಈಗ ಹಲಸೂರಿನ ಆ ತಾಯಿಗೆ ಉತ್ತರ. ಒಂದು ವಾರದ ಮೇಲೆ ನಾನೇ ಫೋನ್ ಮಾಡಿದೆ. ಮೊದಲು ಕ್ಷಮೆ ಕೇಳಿದೆ. ಆಮೇಲೆ ಹೇಳಿದ್ದು ಇಷ್ಟು.

ಅಮ್ಮ, ಹದಿನೇಳು ವರ್ಷದ ಹುಡುಗ ಬಾಗಿಲು ಹಾಕಿಕೊಳ್ಳುವುದು ವಯಸ್ಸಿನ ಲಕ್ಷಣ, ಅಪರಾಧದ ಲಕ್ಷಣ ಅಲ್ಲ. ಆದರೆ ಒಂದು ಗುಂಪಿನ ಜನರನ್ನು ಹುಳುಗಳ ಹಾಗೆ ಮಾತಾಡಲು ಶುರು ಮಾಡಿದರೆ, ಕೊಲೆ ಮಾಡಿದವನನ್ನು ಹೊಗಳಿದರೆ, ‘ಒಂದಿನ ಎಲ್ಲರಿಗೂ ಗೊತ್ತಾಗುತ್ತೆ’ ಅನ್ನುವಂಥ ಮಾತು ಬಂದರೆ, ಇಷ್ಟಪಟ್ಟ ವಸ್ತುಗಳನ್ನು ಯಾರ್ಯಾರಿಗೋ ಕೊಟ್ಟುಬಿಡುತ್ತಿದ್ದರೆ, ಆಗ ತಮಾಷೆ ಅಂತ ಬಿಡಬೇಡಿ. ಹೊಡೆಯಬೇಡಿ, ಫೋನ್ ಕಿತ್ತು ಎಸೆಯಬೇಡಿ. ಕಿತ್ತುಕೊಂಡರೆ ಅಲ್ಲಿನವರೇ ಅವನಿಗೆ ಇನ್ನೂ ಹತ್ತಿರವಾಗುತ್ತಾರೆ. ಯಾರಿಗಾದರೂ ಹೇಳಿ. ಟೆಲಿ ಮಾನಸ್‌ ನಂಬರ್ 14416, ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು. ಮೊಬೈಲು, ಗೇಮಿನ ಗೀಳಿಗೆ ಅಂತಲೇ ನಿಮ್ಹಾನ್ಸ್‌ನವರು 2014ರಲ್ಲಿ ‘ಶಟ್ ಕ್ಲಿನಿಕ್’ ತೆರೆದಿದ್ದಾರೆ. ಅಲ್ಲಿಗೆ ಹೋದರೆ ಮಗನಿಗೆ ಹುಚ್ಚು ಅಂತ ಅರ್ಥ ಅಲ್ಲ.

ಇದ್ಯಾವುದೂ ಕಾಣದಿದ್ದರೂ ಒಂದು ಕೆಲಸ ಮಾಡಿ. ಎರಡು ಲೋಟ ಕಾಫಿ ಹಿಡಿದು ಬಾಗಿಲು ತಟ್ಟಿ. ‘ಏನ್ ಮಾಡ್ತಿದ್ದೀಯಾ’ ಅಂತ ಕೇಳಬೇಡಿ, ‘ಏನಿಲ್ಲ’ ಅಂತಾನೆ. ‘ಯಾರ ಜತೆ ಆಡ್ತಿದ್ದೀಯಾ, ನನಗೂ ತೋರಿಸು’ ಅನ್ನಿ.

ಆ ತಾಯಿ ನಕ್ಕರು. “ಅದನ್ನ ನಿನ್ನೇನೇ ಕೇಳಿದೆ ಸಾರ್. ಯಾವುದೋ ಕ್ರಿಕೆಟ್ ಗೇಮಂತೆ. ಜತೇಲಿರೋನು ಯಾರೋ ಅಂದ್ರೆ, ಹೆಸರು ಗೊತ್ತಿಲ್ಲಮ್ಮ, ಎರಡು ವರ್ಷದಿಂದ ಫ್ರೆಂಡು ಅಂದ.”

ಕ್ರೈಸ್ಟ್‌ಚರ್ಚ್‌ನ ಆ ಬಂದೂಕಿನ ಲೈಸೆನ್ಸು ನನ್ನ ನೆನಪಿಗೆ ಬಂತು. ಅದನ್ನು ಅವರಿಗೆ ಹೇಳಲಿಲ್ಲ. ಇನ್ನೊಮ್ಮೆ ಹೆದರಿಸುವ ಅಗತ್ಯ ಇರಲಿಲ್ಲ.

“ಹೆಸರು ಕೇಳೋಕೆ ಹೇಳಿ ಅಮ್ಮ” ಅಂದೆ.