ದೀಪ ನಡೆಸುವವನಿಗೆ ರಂಗ ಕಾಣಬೇಕು: ಜಾರ್ಜ್ ಐಜೆನೂರ್ ಮತ್ತು ರಂಗತಂತ್ರಜ್ಞಾನ

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳ ಅಮೆರಿಕದಲ್ಲಿ ನಾಟಕದ ಬೆಳಕು ನಡೆಸುವವರ ಜಾಗ ಸಾಮಾನ್ಯವಾಗಿ ಸೈಡ್‌ವಿಂಗಿನ ಮರೆಯಲ್ಲಿತ್ತು. ಬೆಳಕನ್ನು ಏರಿಸಿ ಇಳಿಸುವ ರೆಸಿಸ್ಟೆನ್ಸ್ ಡಿಮ್ಮರ್‌ಗಳ ಹಿಡಿಕೆಗಳನ್ನು ಒಬ್ಬಿಬ್ಬರಲ್ಲ, ಹಲವರು ಸೇರಿ, ಸ್ಟೇಜ್ ಮ್ಯಾನೇಜರ್ ಕೊಟ್ಟ ಸೂಚನೆಯಂತೆ ತಿರುಗಿಸುತ್ತಿದ್ದರು. ಬೆಳಕು ನಟಿಯ ಮುಖಕ್ಕೆ ಬಿತ್ತೋ ಇಲ್ಲವೋ, ಸಭೆಯಿಂದ ನೋಡಿದರೆ ದೃಶ್ಯ ಹೇಗಿದೆ ಎಂಬುದು ಅವರಿಗೆ ಕಾಣುತ್ತಿರಲಿಲ್ಲ. ಯೇಲ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜಾರ್ಜ್ ಐಜೆನೂರ್ (1912–2007) ಹಲವು ಯಂತ್ರಗಳನ್ನು ರೂಪಿಸಿದರು. ಅವುಗಳಲ್ಲೆಲ್ಲ ಹೆಚ್ಚಿನದು, ಬೆಳಕಿನವರನ್ನು ಪ್ರೇಕ್ಷಕರ ಹಿಂದೆ ತಂದು ಕೂರಿಸಿದ ಕೆಲಸ ಎಂಬುದು ಈ ಲೇಖನದ ವಾದ.

ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿ, ಒಹಾಯೋದ ವಿಟನ್‌ಬರ್ಗ್ ಕಾಲೇಜಿನಲ್ಲಿ ಓದಿದ ಅವರಿಗೆ ಭೌತವಿಜ್ಞಾನ ಮತ್ತು ನಾಟಕ ಎರಡರ ನಂಟೂ ಇತ್ತು. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಕೆಲಸವಿಲ್ಲದ ರಂಗಕರ್ಮಿಗಳಿಗಾಗಿ ಸರ್ಕಾರ ಆರಂಭಿಸಿದ್ದ ಫೆಡರಲ್ ಥಿಯೇಟರ್ ಪ್ರಾಜೆಕ್ಟ್‌ನಲ್ಲಿ, ಕ್ಯಾಲಿಫೋರ್ನಿಯಾದಲ್ಲಿ, ಬೆಳಕಿನ ಹೊಣೆ ಹೊತ್ತರು. 1939ರಲ್ಲಿ ಆ ಯೋಜನೆ ನಿಂತುಹೋಯಿತು. ಅದೇ ವರ್ಷ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಯೇಲ್ ಸೇರಿ, ಅಲ್ಲಿನ ನಾಟಕ ವಿಭಾಗದಲ್ಲಿ ಪ್ರಯೋಗಾಲಯ ಕಟ್ಟಿದರು.

ಅಲ್ಲಿ ಸ್ಟಾನ್ಲಿ ಮೆಕ್‌ಕ್ಯಾಂಡ್‌ಲೆಸ್ ಆಗಲೇ ಪಾಠ ಹೇಳುತ್ತಿದ್ದರು. ರಂಗವನ್ನು ವಲಯಗಳಾಗಿ ವಿಂಗಡಿಸಿ, ಪ್ರತಿ ವಲಯಕ್ಕೆ ಎರಡು ಬದಿಗಳಿಂದ 45 ಡಿಗ್ರಿ ಓರೆಯಲ್ಲಿ ಒಂದು ಬಿಸಿ ಬಣ್ಣದ, ಒಂದು ತಂಪು ಬಣ್ಣದ ದೀಪ ಬಿಡುವ ಅವರ ಪದ್ಧತಿ 1932ರಲ್ಲಿ ಪುಸ್ತಕವಾಗಿ ಬಂದಿತ್ತು. ಪ್ರತಿ ವಲಯದ ಬೆಳಕನ್ನೂ ಬೇರೆಯಾಗಿ ಹಿಗ್ಗಿಸಿ ಕುಗ್ಗಿಸಬೇಕಾದರೆ ಡಿಮ್ಮರ್‌ಗಳ ಸಂಖ್ಯೆ ಏರುತ್ತದೆ. ಅಷ್ಟನ್ನು ಹಿಡಿಯಲು ಕೈಗಳು ಸಾಲುವುದಿಲ್ಲ. ಮೆಕ್‌ಕ್ಯಾಂಡ್‌ಲೆಸ್ ಪದ್ಧತಿಯೊಳಗೇ ಅಡಗಿದ್ದ ಈ ತೊಡಕಿಗೆ ಐಜೆನೂರ್ ಯಂತ್ರದ ಉತ್ತರ ಕೊಟ್ಟರು ಎಂದೇ ನನ್ನ ಓದು.

1947ರಲ್ಲಿ ಅವರು ತೋರಿಸಿದ ವ್ಯವಸ್ಥೆಯ ಜೀವಾಳ ಥೈರಟ್ರಾನ್ ಎಂಬ ಅನಿಲ ತುಂಬಿದ ನಳಿಕೆ. ಎಸಿ ವಿದ್ಯುತ್ತಿನ ಅಲೆಯ ಪ್ರತಿ ಅರ್ಧದಲ್ಲೂ ಈ ನಳಿಕೆ ಎಷ್ಟು ತಡವಾಗಿ ಬಾಗಿಲು ತೆರೆಯುತ್ತದೋ ದೀಪ ಅಷ್ಟು ಮಂದವಾಗುತ್ತದೆ. ಮನೆಯ ಕೆಲವು ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್‌ಗಳ ಒಳಗೆ ನಡೆಯುವುದೂ ಇದೇ. ಆ ಬಾಗಿಲಿಗೆ ಅಪ್ಪಣೆ ಕೊಡಲು ಅತ್ಯಲ್ಪ ವಿದ್ಯುತ್ತು ಸಾಕು. ಆದ್ದರಿಂದ ಬಿಸಿಯಾಗುವ, ಸದ್ದು ಮಾಡುವ ಡಿಮ್ಮರ್‌ಗಳನ್ನು ದೂರದ ಕೋಣೆಯಲ್ಲಿಟ್ಟು, ತೆಳ್ಳಗಿನ ತಂತಿಯ ಇನ್ನೊಂದು ತುದಿಯಲ್ಲಿ, ಸಭಾಂಗಣದ ಹಿಂಭಾಗದಲ್ಲಿ, ಕನ್ಸೋಲ್ ಇಡಬಹುದಾಯಿತು. ಮುಂದಿನ ದೃಶ್ಯಗಳ ಬೆಳಕಿನ ಮಟ್ಟಗಳನ್ನು ಮೊದಲೇ ಹೊಂದಿಸಿಟ್ಟು, ಒಂದರಿಂದ ಇನ್ನೊಂದಕ್ಕೆ ಸರಾಗವಾಗಿ ಜಾರಿಸಬಹುದಾಯಿತು.

ದೂರ ನಿಯಂತ್ರಣದ ಕಲ್ಪನೆ ಅವರೊಬ್ಬರದೇ ಅಲ್ಲ. ಇಂಗ್ಲೆಂಡಿನಲ್ಲಿ ಫ್ರೆಡ್ ಬೆಂಥಮ್ 1935ರಲ್ಲೇ ಆರ್ಗನ್ ವಾದ್ಯದ ಮಾದರಿಯ ಬೆಳಕಿನ ಕನ್ಸೋಲ್ ರೂಪಿಸಿದ್ದರು. ಆದರೆ ಅದರ ಡಿಮ್ಮರ್‌ಗಳನ್ನು ಚಲಿಸುವ ಯಂತ್ರಭಾಗಗಳೇ ಓಡಿಸುತ್ತಿದ್ದವು. ಐಜೆನೂರ್ ಅದನ್ನು ಎಲೆಕ್ಟ್ರಾನಿಕ್ಸ್‌ಗೆ ದಾಟಿಸಿದರು. ಮುಂದೆ ಥೈರಟ್ರಾನ್ ಜಾಗಕ್ಕೆ ಅರೆವಾಹಕದ ಎಸ್‌ಸಿಆರ್ ಬಂದಾಗಲೂ ತತ್ತ್ವ ಬದಲಾಗಲಿಲ್ಲ.

ಬೆಳಕಿನಿಂದ ಅವರು ಹಗ್ಗಕ್ಕೆ, ಹಗ್ಗದಿಂದ ಕಟ್ಟಡಕ್ಕೆ ಹೋದರು. ಪರದೆ, ಸೀನರಿಗಳನ್ನು ಸಮತೂಕದ ಗುಂಡುಗಳಿಂದ ಏರಿಸಿ ಇಳಿಸುವ ಬದಲು, ಪ್ರತಿ ಹಗ್ಗಕ್ಕೂ ಒಂದು ಮೋಟಾರು ಕೊಟ್ಟು, ಎಲ್ಲವೂ ಒಂದೇ ಲಯದಲ್ಲಿ ಓಡುವಂತೆ ಮಾಡಿದ ವಿಂಚ್ ವ್ಯವಸ್ಥೆ ಅವರದು. 1960ರಲ್ಲಿ ಹಾರ್ವರ್ಡ್‌ನಲ್ಲಿ ತೆರೆದ ಲೋಬ್ ಡ್ರಾಮಾ ಸೆಂಟರ್‌ನಲ್ಲಿ ಆಸನಗಳ ಗುಂಪುಗಳೇ ಯಂತ್ರಬಲದಿಂದ ಸರಿದು, ಚೌಕಟ್ಟಿನ ರಂಗ ಮುಂಚಾಚಿದ ರಂಗವಾಗುತ್ತಿತ್ತು.

ಏಕ್ರನ್ ನಗರದಲ್ಲಿ 1973ರಲ್ಲಿ ಆರಂಭವಾದ ಇ. ಜೆ. ಥಾಮಸ್ ಹಾಲ್ ಇನ್ನೂ ದಿಟ್ಟ ಪ್ರಯೋಗ. ಸಿಂಫನಿಗೆ ಬೇಕಾದ ಅನುರಣನ ಮಾತಿನ ನಾಟಕಕ್ಕೆ ಮುಳುವು, ಮಾತು ಕಲಸಿಹೋಗುತ್ತದೆ. ಅಲ್ಲಿ ಚಾವಣಿಯೇ ಇಳಿಯುತ್ತದೆ: ಸುಮಾರು 3,000 ಆಸನಗಳ ಸಭಾಂಗಣ 2,400ಕ್ಕೆ, ಮತ್ತೂ ಇಳಿದರೆ 900ಕ್ಕೆ ಕುಗ್ಗುತ್ತದೆ. ಚಾವಣಿಯ ಸಮತೂಕಕ್ಕೆ ಬೇಕಾದ ಕ್ರೋಮ್ ಲೇಪದ ಸಿಲಿಂಡರ್‌ಗಳನ್ನು ಲಾಬಿಯಲ್ಲೇ ಎಲ್ಲರಿಗೂ ಕಾಣುವಂತೆ ತೂಗುಬಿಟ್ಟಿದ್ದಾರೆ.

ಇಂಥ ಕಟ್ಟಡಕ್ಕೆ ತೆರಬೇಕಾದ ಬೆಲೆ ಇದೆ. ಚಲಿಸುವ ಪ್ರತಿಯೊಂದು ಭಾಗಕ್ಕೂ ನುರಿತ ಸಿಬ್ಬಂದಿ, ನಿರಂತರ ನಿಗಾ, ಹಣ ಬೇಕು. ತಂಡಕ್ಕೆ ಅದಿಲ್ಲದಿದ್ದರೆ ಮೂರು ರೂಪದ ರಂಗ ಒಂದೇ ರೂಪದಲ್ಲಿ ನಿಂತುಬಿಡುತ್ತದೆ. ಐಜೆನೂರ್ ಈ ಭಾರವನ್ನು ಕಡಿಮೆ ಅಂದಾಜು ಮಾಡಿದರು ಎಂದು ನನಗೆ ತೋರುತ್ತದೆ. ಕನ್ಸೋಲ್ ಎಲ್ಲೆಡೆ ಹಬ್ಬಿತು, ಇಳಿಯುವ ಚಾವಣಿ ಹಬ್ಬಲಿಲ್ಲ.

1977ರಲ್ಲಿ ನಿವೃತ್ತಿ, ಅದೇ ವರ್ಷ ‘ಥಿಯೇಟರ್ ಡಿಸೈನ್’ ಎಂಬ ಬೃಹತ್ ಗ್ರಂಥ. ಪ್ರಾಚೀನ ಕಾಲದಿಂದ ಈಚಿನವರೆಗಿನ ರಂಗಮಂದಿರಗಳನ್ನು ಸೀಳಿ ತೋರಿಸುವ ಅದರ ನಕ್ಷೆಗಳಲ್ಲಿ ಕಣ್ಣಳತೆಯನ್ನೂ ಧ್ವನಿಯನ್ನೂ ಹೋಲಿಸಿ ನೋಡಬಹುದು. 1992ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ಗ್ರೀಕ್–ರೋಮನ್ ಕಾಲದ ಚಾವಣಿಯುಳ್ಳ ರಂಗಮಂದಿರಗಳ ಬಗ್ಗೆ ಇನ್ನೊಂದು ಪುಸ್ತಕ ತಂದರು. ಅಥೆನ್ಸಿನ ಅಗ್ರಿಪನ ಓಡಿಯನ್‌ನಂಥ ಕಟ್ಟಡದಲ್ಲಿ, ಸುಮಾರು 25 ಮೀಟರ್ ಅಗಲಕ್ಕೆ ನಡುವೆ ಕಂಬವಿಲ್ಲದೆ ಮರದ ಚಾವಣಿ ಹಾಸಲಾಗಿತ್ತು; ಎರಡನೆಯ ಶತಮಾನದಲ್ಲಿ ಅದು ಕುಸಿಯಿತು. ಪುರಾತತ್ತ್ವಜ್ಞರು ಅಡಿಪಾಯ ನೋಡಿ ಬರೆದ ಇಂಥ ಕಟ್ಟಡಗಳಿಗೆ ಐಜೆನೂರ್ ತೊಲೆ, ಹೊರೆ, ದೃಷ್ಟಿರೇಖೆಗಳ ಲೆಕ್ಕ ಹಾಕಿದರು.